ಮತ ಅಷ್ಟೇ ಇದ್ದು ಸೀಟು ಕಡಿಮೆಯಾದದ್ದು ಹೇಗೆ?

ಮಾನ್ಯರೇ,

2024ರ ಲೋಕಸಭಾ ಚುನಾವಣೆಯ ಚರ್ಚೆ ಎಲ್ಲೇ ನಡೆಯಲಿ, ಎರಡು ವಾದ ಕೇಳಿಬರುತ್ತವೆ. ಬಿಜೆಪಿ ಮತಪ್ರಮಾಣ 2019ರ ಶೇ 37.4ರಿಂದ ಶೇ 36.6ಕ್ಕೆ ಮಾತ್ರ ಇಳಿದಿದೆ, ಜನ ಪಕ್ಷವನ್ನು ಕೈಬಿಟ್ಟಿಲ್ಲ ಎನ್ನುವುದು ಒಂದು. ಸೀಟು 303 ಇದ್ದದ್ದು 240ಕ್ಕೆ ಬಂತು, ಬಹುಮತಕ್ಕೆ ಬೇಕಾದ 272 ಸಿಗಲಿಲ್ಲ, ದೇಶವೇ ತಿರುಗಿಬಿತ್ತು ಎನ್ನುವುದು ಇನ್ನೊಂದು. ಎರಡರಲ್ಲೂ ಅಂಕಿ ಸರಿ, ತೀರ್ಮಾನ ತಪ್ಪು. ಇಡೀ ದೇಶದ ಸರಾಸರಿ ಇಟ್ಟುಕೊಂಡು ಫಲಿತಾಂಶ ಓದಲು ಹೊರಟರೆ ಹೀಗೇ ಆಗುವುದು.

ಒಂದು ಪರ್ಸೆಂಟೂ ಕಡಿಮೆಯಾಗದೆ 63 ಸೀಟು ಹೋದ ಬಗೆ ಅರ್ಥವಾಗಬೇಕಾದರೆ ರಾಜ್ಯಗಳನ್ನು ಬಿಡಿಬಿಡಿಯಾಗಿ ನೋಡಬೇಕು. ಉತ್ತರ ಪ್ರದೇಶದಲ್ಲಿ ಬಿಜೆಪಿ ಮತ ಶೇ 50ರ ಆಸುಪಾಸಿನಿಂದ ಶೇ 41.4ಕ್ಕೆ ಬಿತ್ತು, ಸೀಟು 62ರಿಂದ 33ಕ್ಕೆ. ಸಮಾಜವಾದಿ ಪಕ್ಷ ಮತ್ತು ಕಾಂಗ್ರೆಸ್ ಸೀಟು ಹಂಚಿಕೊಂಡು ನಿಂತು 37 ಮತ್ತು 6 ಗೆದ್ದವು. ಒಂಟಿಯಾಗಿ ನಿಂತ ಬಿಎಸ್‌ಪಿಗೆ ಶೇ 9ಕ್ಕೂ ಹೆಚ್ಚು ಮತ ಬಂದರೂ ಒಂದು ಸೀಟೂ ಬರಲಿಲ್ಲ. ಮಹಾರಾಷ್ಟ್ರದ್ದು ಬೇರೆಯೇ ಕಥೆ. ಅಲ್ಲಿ ಬಿಜೆಪಿ ಮತ ಶೇ 28ರಿಂದ 26ಕ್ಕಷ್ಟೇ ಇಳಿದರೂ ಸೀಟು 23ರಿಂದ 9ಕ್ಕೆ ಕುಸಿಯಿತು. ಎದುರಾಳಿಗಳು ಒಟ್ಟಾಗಿದ್ದರೆ ಎರಡು ಪರ್ಸೆಂಟ್ ಕೂಡ ದುಬಾರಿಯೇ. ಈ ಎರಡೇ ರಾಜ್ಯಗಳಲ್ಲಿ ಹೋದದ್ದು 43 ಸೀಟು.

ಹಾಗಾದರೆ ಸರಾಸರಿ ಏಕೆ ಅಲುಗಾಡಲಿಲ್ಲ? ಸೀಟು ತಂದುಕೊಡದ ಕಡೆ ಮತ ಹೆಚ್ಚಿದ್ದರಿಂದ. ತಮಿಳುನಾಡಿನಲ್ಲಿ ಶೇ 4ಕ್ಕಿಂತ ಕಡಿಮೆ ಇದ್ದದ್ದು ಶೇ 11 ದಾಟಿತು, ಸೀಟು ಸೊನ್ನೆ. ಪಂಜಾಬಿನಲ್ಲಿ ಮತ ಸುಮಾರು ಎರಡರಷ್ಟಾಯಿತು, ಇದ್ದ 2 ಸೀಟೂ ಹೋದವು. ಅಕಾಲಿ ದಳದ ಜೊತೆಗಿದ್ದಾಗ 3 ಕಡೆ ಸ್ಪರ್ಧಿಸಿದ್ದ ಪಕ್ಷ ಈ ಸಲ ಎಲ್ಲ 13ರಲ್ಲೂ ನಿಂತಿತ್ತು. ಹೆಚ್ಚು ಕಡೆ ನಿಂತರೆ ಒಟ್ಟು ಮತ ಏರುತ್ತದೆ, ಅದನ್ನು ಜನಪ್ರಿಯತೆ ಎಂದು ಓದುವಂತಿಲ್ಲ. ಆದರೆ ಒಡಿಶಾದಲ್ಲಿ ಸೀಟು 8ರಿಂದ 20ಕ್ಕೆ ಏರಿದ್ದು ನಿಜವಾದ ಗಳಿಕೆ.

ನಮ್ಮ ರಾಜ್ಯದ ಲೆಕ್ಕದಲ್ಲೂ ಇದೇ ಎಡವಟ್ಟು ನಡೆಯುತ್ತದೆ. 2019ರಲ್ಲಿ ಕಾಂಗ್ರೆಸ್ 21, ಜೆಡಿಎಸ್ 7 ಕ್ಷೇತ್ರಗಳಲ್ಲಿ ಜೊತೆಯಾಗಿ ನಿಂತಿದ್ದವು. 2024ರಲ್ಲಿ ಕಾಂಗ್ರೆಸ್ ಎಲ್ಲ 28ರಲ್ಲೂ ಇತ್ತು, ಬಿಜೆಪಿ 25ರಲ್ಲಿ ನಿಂತು ಮಂಡ್ಯ, ಹಾಸನ, ಕೋಲಾರವನ್ನು ಜೆಡಿಎಸ್‌ಗೆ ಬಿಟ್ಟುಕೊಟ್ಟಿತ್ತು. ಹೀಗಿರುವಾಗ ಕಾಂಗ್ರೆಸ್ ಶೇ 32ರಿಂದ 45ಕ್ಕೆ ಜಿಗಿಯಿತು ಎಂದು ನೇರವಾಗಿ ಹೋಲಿಸಿದರೆ ಅರ್ಧ ಸುಳ್ಳಾಗುತ್ತದೆ. ಹೋಲಿಸಬೇಕಾದದ್ದು ಎರಡೂ ಸಲ ಸ್ಪರ್ಧಿಸಿದ ಕ್ಷೇತ್ರಗಳ ಮತ. ಬೀದರ್, ಕಲಬುರಗಿ, ರಾಯಚೂರು, ಕೊಪ್ಪಳ, ಬಳ್ಳಾರಿ ಐದೂ ಕಾಂಗ್ರೆಸ್‌ಗೆ ಹೋದವು, ಕರಾವಳಿ ಬಿಜೆಪಿಯಲ್ಲೇ ಉಳಿಯಿತು. ರಾಜ್ಯದ ಸರಾಸರಿಯಲ್ಲಿ ಇದೂ ಕಾಣುವುದಿಲ್ಲ.

ಇದೇನು ಹೊಸದಲ್ಲ. 1989ರಲ್ಲಿ ಕಾಂಗ್ರೆಸ್ 197ಕ್ಕೆ ಇಳಿದು ಬಹುಮತ ಕಳೆದುಕೊಂಡಾಗಲೂ ಅದರ ಮತ ಶೇ 39.5 ಇತ್ತು. ಉತ್ತರ ಪ್ರದೇಶದ 85ರಲ್ಲಿ 15 ಮಾತ್ರ ಬಂದವು, ಕರ್ನಾಟಕದ 28ರಲ್ಲಿ 27 ಬಂದವು. ‘ದೇಶದ ಅಲೆ’ ಎಂದು ಬರೆಯುವ ಮುನ್ನ ಈ ಎರಡು ಸಾಲನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ಗೆಲುವಿನ ಅಂತರವೂ ಅಷ್ಟೇ ಮುಖ್ಯ. 2024ರಲ್ಲಿ ಇಂದೋರ್‌ನಲ್ಲಿ ಕಾಂಗ್ರೆಸ್ ಅಭ್ಯರ್ಥಿ ನಾಮಪತ್ರ ಹಿಂಪಡೆದ ಮೇಲೆ ಬಿಜೆಪಿ ಅಂತರ 11.75 ಲಕ್ಷ ದಾಟಿತು. ಜೈಪುರ ಗ್ರಾಮಾಂತರದಲ್ಲಿ ಅದೇ ಪಕ್ಷ ಗೆದ್ದದ್ದು 1,615 ಮತಗಳಿಂದ. ಲೋಕಸಭೆಯಲ್ಲಿ ಎರಡಕ್ಕೂ ಒಂದೊಂದೇ ಕುರ್ಚಿ. ಅವಿರೋಧ ಆಯ್ಕೆಯಾದ ಸೂರತ್‌ನಿಂದ ಸೀಟು ಬಂತು, ಮತದ ಲೆಕ್ಕಕ್ಕೆ ಏನೂ ಸೇರಲಿಲ್ಲ.

ಲೆಕ್ಕ ಸ್ವತಃ ಹಾಕುವವರಿಗೆ ನಮೂನೆ 20 ಸಾಕು. ಮತಗಟ್ಟೆವಾರು ಪ್ರತಿ ಅಭ್ಯರ್ಥಿಯ ಮತ ಅದರಲ್ಲಿರುತ್ತದೆ, ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ಸಿಗುತ್ತದೆ. ವಿಧಾನಸಭಾ ಕ್ಷೇತ್ರವಾರು ಮೊತ್ತ ಕೂಡಿಸಿ, ಕೊನೆಯಲ್ಲಿ ಬೇರೆಯಾಗಿ ಕೊಟ್ಟಿರುವ ಅಂಚೆ ಮತಗಳನ್ನು ಸೇರಿಸಬೇಕು. ಹೆಚ್ಚಿನವರು ತಪ್ಪುವುದು ಈ ಅಂಚೆ ಮತದ ಸಾಲಿನಲ್ಲೇ. ಅಸ್ಸಾಂ, ಜಮ್ಮು–ಕಾಶ್ಮೀರದಲ್ಲಿ 2019ರೊಂದಿಗೆ ಕ್ಷೇತ್ರವಾರು ಹೋಲಿಕೆ ಮಾಡಬಾರದು. ಅಲ್ಲಿ ಕ್ಷೇತ್ರ ಮರುವಿಂಗಡಣೆಯಾಗಿ ಗಡಿಗಳೇ ಬದಲಾಗಿವೆ.

ಮುಂದಿನ ಚುನಾವಣೆಯ ಫಲಿತಾಂಶದ ಪುಟದಲ್ಲಿ ತಾವು ಪ್ರತಿ ಪಕ್ಷದ ಸೀಟು, ಮತಪ್ರಮಾಣದ ಪಕ್ಕ ಎಷ್ಟು ಕಡೆ ಸ್ಪರ್ಧಿಸಿತ್ತು, ಅಲ್ಲಿ ಮಾತ್ರ ಎಷ್ಟು ಮತ ಬಂತು ಎಂಬ ಎರಡು ಕಾಲಂ ಸೇರಿಸಬೇಕು, ರಾಜ್ಯವಾರು. ನಕ್ಷೆಯ ಬಣ್ಣಕ್ಕೆ ಕೊಡುವ ಜಾಗದ ಕಾಲು ಭಾಗ ಇದಕ್ಕೆ ಸಾಕು.

– ರಾಜ್ಯಶಾಸ್ತ್ರ ಅಧ್ಯಾಪಕರು, ಧಾರವಾಡ