ದುಂಡು ಐಸ್ ಮಾಡುವ ಸಿಲಿಕೋನ್ ಅಚ್ಚಿನ ದೋಷದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ಐಸ್ ಅಚ್ಚಿನಲ್ಲಿ ನೀರು ತುಂಬುವ ಗೆರೆಯನ್ನು ತಪ್ಪಾಗಿ ಗುರುತಿಸಿರುವುದು, ಜಾಹೀರಾತಿನ ತಪ್ಪು ಹೇಳಿಕೆಗಳು ಮತ್ತು ಹಣ ಮರುಪಾವತಿ ಕುರಿತು.

ಮಾನ್ಯರೇ,

ಪಾನೀಯಗಳಿಗೆ ಹಾಕಿಕೊಳ್ಳುವ ದುಂಡನೆಯ ಐಸ್ ಉಂಡೆಗಳನ್ನು ಮಾಡಲೆಂದು ತಮ್ಮ ಸಂಸ್ಥೆ ಮಾರುತ್ತಿರುವ ಸಿಲಿಕೋನ್ ಅಚ್ಚನ್ನು ಕೊಂಡು ಬಳಸುತ್ತಿರುವ ಗ್ರಾಹಕಿ ನಾನು. ಸೂಚನಾ ಪತ್ರದಲ್ಲಿ ಹೇಳಿದಂತೆಯೇ ನೀರು ತುಂಬಿಟ್ಟರೂ ಅಚ್ಚಿನ ಎರಡು ಭಾಗಗಳು ಸೇರುವಲ್ಲಿ ನೀರು ಸೋರಿ, ಉಂಡೆಯ ನಡುವಿಗೆ ಐಸಿನ ಪಟ್ಟಿಯೊಂದು ಅಂಟಿಕೊಂಡು ಬರುತ್ತದೆ ಎಂದು ಈ ಹಿಂದೆಯೇ ದೂರು ಸಲ್ಲಿಸಿದ್ದೆ. ಅದಕ್ಕೆ ತಮ್ಮ ವಿಭಾಗದಿಂದ ಬಂದದ್ದು ಎರಡೇ ಸಾಲಿನ ಉತ್ತರ: ಗ್ರಾಹಕರು ನೀರನ್ನು ಅತಿಯಾಗಿ ತುಂಬಿದ್ದಾರೆ, ಇದು ತಪ್ಪು ಬಳಕೆಯಾದ್ದರಿಂದ ಖಾತರಿ ಅನ್ವಯಿಸುವುದಿಲ್ಲ. ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ನಾನು ತುಂಬಿದ್ದು ತಾವೇ ಅಚ್ಚಿನಲ್ಲಿ ಮೂಡಿಸಿರುವ ಗೆರೆಯವರೆಗೆ ಮಾತ್ರ. ಆ ಗೆರೆಯೇ ತಪ್ಪು ಜಾಗದಲ್ಲಿದೆ ಎಂಬುದನ್ನು ಈ ಪತ್ರದಲ್ಲಿ ವಿವರವಾಗಿ ತಿಳಿಸುತ್ತಿದ್ದೇನೆ.

ಅಚ್ಚಿನ ರಚನೆಯನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಹಿಂದಿನ ಉತ್ತರ ಬರೆದವರು ಅದನ್ನು ಕೈಯಲ್ಲಿ ಹಿಡಿದು ನೋಡಿದ್ದಾರೆಂದು ನನಗೆ ಅನಿಸಲಿಲ್ಲ. ಕೆಳಗಿನ ತಟ್ಟೆಯಲ್ಲಿ ಅರೆಗೋಳಾಕಾರದ ಆರು ಗುಳಿಗಳಿವೆ, ಪ್ರತಿ ಗುಳಿಯ ಬಾಯಿಯ ಸುತ್ತ ಸಣ್ಣದೊಂದು ತೋಡಿದೆ, ಮೇಲಿನ ತಟ್ಟೆಯ ಅರೆಗೋಳಗಳ ಅಂಚು ಆ ತೋಡಿನೊಳಗೆ ಕೂರಬೇಕು. ಮೇಲಿನ ಪ್ರತಿ ಅರೆಗೋಳದ ನೆತ್ತಿಯಲ್ಲಿ ಒಂದು ರಂಧ್ರ, ರಂಧ್ರದ ಮೇಲೆ ಗಿಡ್ಡನೆಯ ಕುತ್ತಿಗೆ. ಎರಡೂ ತಟ್ಟೆಗಳನ್ನು ಒತ್ತಿ ಮುಚ್ಚಿದ ಮೇಲೆ, ಜೊತೆಗೆ ಕೊಟ್ಟಿರುವ ಆಲಿಕೆಯಿಂದ ಕುತ್ತಿಗೆಯ ಒಳಗಿರುವ ಗೆರೆ ಮುಟ್ಟುವವರೆಗೆ ನೀರು ಹಾಕಬೇಕೆಂದು ಸೂಚನಾ ಪತ್ರ ಹೇಳುತ್ತದೆ. ಗೆರೆ ಕುತ್ತಿಗೆಯಲ್ಲಿರುವುದರಿಂದ ಗೋಳ ಪೂರ್ತಿ ತುಂಬಿ, ಅದರ ಮೇಲೂ ಒಂದಿಷ್ಟು ನೀರು ನಿಲ್ಲಬೇಕು ಎಂದಾಯಿತು.

ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ಸುಮಾರು ಶೇಕಡ 9ರಷ್ಟು ಹೆಚ್ಚುತ್ತದೆ. ಐಸ್ ನೀರಿನ ಮೇಲೆ ತೇಲುವುದು ಇದೇ ಕಾರಣಕ್ಕೆ, ಮತ್ತು ಐಸ್ ಅಚ್ಚು ತಯಾರಿಸುವ ಸಂಸ್ಥೆಗೆ ಗ್ರಾಹಕರು ಹೇಳಿಕೊಡಬೇಕಾದ ಸಂಗತಿ ಇದಲ್ಲ. ಫ್ರೀಜರಿನ ತಣ್ಣನೆಯ ಗಾಳಿಗೆ ನೇರವಾಗಿ ತೆರೆದುಕೊಂಡಿರುವುದು ಕುತ್ತಿಗೆಯಲ್ಲಿ ನಿಂತ ನೀರು. ಅದರ ಪ್ರಮಾಣವೂ ಬಹಳ ಕಡಿಮೆ. ಹಾಗಾಗಿ ಮೊದಲು ಅದೇ ಗಟ್ಟಿಯಾಗಿ ರಂಧ್ರಕ್ಕೆ ಬಿರಡೆ ಜಡಿದಂತೆ ಕೂರುತ್ತದೆ. ಗೋಳದೊಳಗಿನ ನೀರು ದಪ್ಪ ಸಿಲಿಕೋನಿನ ಒಳಗಿದೆ, ಸಿಲಿಕೋನ್ ಶಾಖವನ್ನು ಸುಲಭವಾಗಿ ದಾಟಿಸದ ವಸ್ತು, ಆದ್ದರಿಂದ ಅದು ಹೆಪ್ಪುಗಟ್ಟಲು ಗಂಟೆಗಟ್ಟಲೆ ಬೇಕು. ಹೆಪ್ಪುಗಟ್ಟುತ್ತಾ ಹಿಗ್ಗುವ ಹೊತ್ತಿಗೆ ಮೇಲಿನ ದಾರಿ ಮುಚ್ಚಿಹೋಗಿರುತ್ತದೆ. ಒತ್ತಡ ತಾನಾಗಿ ದುರ್ಬಲ ಜಾಗವನ್ನು ಹುಡುಕಿಕೊಳ್ಳುತ್ತದೆ, ಆ ಜಾಗ ಎರಡು ತಟ್ಟೆಗಳು ಸೇರುವ ತೋಡು. ಮೇಲಿನ ತಟ್ಟೆ ಕೂದಲೆಳೆಯಷ್ಟು ಮೇಲೇಳುತ್ತದೆ, ಇನ್ನೂ ಗಟ್ಟಿಯಾಗದ ನೀರು ಅಲ್ಲಿಂದ ಜಿನುಗಿ ತೋಡಿನಲ್ಲೇ ಹೆಪ್ಪುಗಟ್ಟುತ್ತದೆ, ಮಿಕ್ಕದ್ದು ತಟ್ಟೆಯಿಂದ ಇಳಿದು ಅಚ್ಚನ್ನು ಫ್ರೀಜರಿನ ಹಲಗೆಗೆ ಅಂಟಿಸಿಬಿಡುತ್ತದೆ. ಬೆಳಿಗ್ಗೆ ಅಚ್ಚು ಬಿಡಿಸಿದರೆ ಕೈಗೆ ಸಿಗುವುದು ನಡುವಿಗೆ ಚೂಪಂಚಿನ ಬಳೆ ತೊಟ್ಟ, ನೆತ್ತಿಯಲ್ಲಿ ಮೊಳೆಯಂತಹ ಗುಬುಟು ಇರುವ, ಮೇಲಿನಿಂದ ಕೆಳಕ್ಕೆ ತುಸು ಉದ್ದವಾದ ಒಂದು ಆಕಾರ. ಆ ಅಂಚನ್ನು ಚಾಕುವಿನಿಂದ ಕೆತ್ತಲು ಹೋದರೆ ಉಂಡೆಯ ಮೈಯಲ್ಲೇ ಬಿರುಕು ಹಾಯುತ್ತದೆ.

ಇದು ನನ್ನ ಊಹೆ ಮಾತ್ರ ಎಂದು ತಾವು ಹೇಳಬಹುದೆಂದು ಒಂದು ಪರೀಕ್ಷೆಯನ್ನೂ ಮಾಡಿದೆ. ಒಂದೇ ತಟ್ಟೆಯ ಮೂರು ಗುಳಿಗಳಿಗೆ ತಮ್ಮ ಗೆರೆಯವರೆಗೆ ನೀರು ಹಾಕಿದೆ, ಉಳಿದ ಮೂರಕ್ಕೆ ಗೋಳದ ನೆತ್ತಿಯಿಂದ ಸುಮಾರು 1 ಸೆಂಟಿಮೀಟರ್ ಕೆಳಗೆ ನಿಲ್ಲುವಷ್ಟು ಹಾಕಿದೆ. ನೀರು ಒಂದೇ, ಫ್ರೀಜರ್ ಒಂದೇ, ಇಟ್ಟ ಸಮಯವೂ ಒಂದೇ. ಗೆರೆಯವರೆಗೆ ತುಂಬಿದ ಮೂರಕ್ಕೂ ಬಳೆ ಬಂತು. ಕಡಿಮೆ ತುಂಬಿದ ಮೂರೂ ಸ್ವಚ್ಛವಾಗಿ ಬಿಟ್ಟುಬಂದವು, ನೆತ್ತಿ ಮಾತ್ರ ಸ್ವಲ್ಪ ಚಪ್ಪಟೆಯಾಗಿತ್ತು. ಈ 1 ಸೆಂಟಿಮೀಟರ್ ಎಲ್ಲಿಂದ ಬಂತೆಂದು ಕೇಳಿದರೆ, ಅದಕ್ಕೂ ಲೆಕ್ಕವಿದೆ. ಅಚ್ಚಿನ ಒಳ ವ್ಯಾಸ 5.5 ಸೆಂಟಿಮೀಟರ್, ಅದರಲ್ಲಿ ಹಿಡಿಯುವ ನೀರು ಸುಮಾರು 87 ಮಿಲಿಲೀಟರ್. ಹಿಗ್ಗಿದ ಮೇಲೂ ಐಸ್ ಗೋಳದೊಳಗೇ ಉಳಿಯಬೇಕಾದರೆ 80 ಮಿಲಿಲೀಟರಿಗೆ ನಿಲ್ಲಿಸಿ 7 ಮಿಲಿಲೀಟರಿನಷ್ಟು ಜಾಗ ಬಿಡಬೇಕು, ಆ ಜಾಗದ ಎತ್ತರ ನೆತ್ತಿಯಿಂದ ಹೆಚ್ಚುಕಡಿಮೆ 1 ಸೆಂಟಿಮೀಟರ್ ಆಗುತ್ತದೆ. ಕುತ್ತಿಗೆಯಲ್ಲಿರುವ ಗೆರೆಯನ್ನು ಅಷ್ಟು ಕೆಳಗೆ ಇಳಿಸಿದ್ದರೆ ಈ ದೂರೇ ಹುಟ್ಟುತ್ತಿರಲಿಲ್ಲ. ಅಚ್ಚನ್ನು ವಿನ್ಯಾಸ ಮಾಡಿದವರು ನೀರನ್ನು ನೀರಾಗಿಯೇ ಅಳೆದಿದ್ದಾರೆ, ಅದು ಐಸ್ ಆದ ಮೇಲೆ ಅಳೆದಿಲ್ಲ.

ಅಂದಹಾಗೆ, ಪೆಟ್ಟಿಗೆಯ ಮೇಲೆ 6 ಸೆಂಟಿಮೀಟರಿನ ಐಸ್ ಉಂಡೆ ಎಂದು ಅಚ್ಚಾಗಿದೆ. ಅಚ್ಚಿನ ಹೊರಮೈ ಅಳೆದರೆ ಆ ಅಳತೆ ಸಿಗುತ್ತದೆ. 6 ಸೆಂಟಿಮೀಟರಿನ ಉಂಡೆಯ ಗಾತ್ರ 113 ಮಿಲಿಲೀಟರ್ ಇರಬೇಕು, ನನಗೆ ಸಿಗುತ್ತಿರುವುದು ಅದಕ್ಕಿಂತ ಹತ್ತಿರ ಹತ್ತಿರ ಕಾಲು ಭಾಗ ಕಡಿಮೆ. ವ್ಯಾಸದಲ್ಲಿ ಅರ್ಧ ಸೆಂಟಿಮೀಟರ್ ಎಂದರೆ ಸಣ್ಣ ಮಾತಿನಂತೆ ಕೇಳುತ್ತದೆ, ಗಾತ್ರದಲ್ಲಿ ಸಣ್ಣದಲ್ಲ.

ಇನ್ನು ಜಾಹೀರಾತಿನ ಮಾತು. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಗಾಜಿನಷ್ಟು ತಿಳಿಯಾದ ಉಂಡೆಯೊಂದಿದೆ, ಅದರ ಕೆಳಗೆ ಸ್ಫಟಿಕದಂತಹ ಐಸ್ ಎಂಬ ಭರವಸೆಯಿದೆ. ಈ ಅಚ್ಚಿನಲ್ಲಿ ಅಂತಹ ಉಂಡೆ ಆಗಲು ಸಾಧ್ಯವೇ ಇಲ್ಲ. ಅಚ್ಚಿನಲ್ಲಿ ನೀರು ಎಲ್ಲ ಮಗ್ಗುಲಿನಿಂದಲೂ ಏಕಕಾಲಕ್ಕೆ ಹೆಪ್ಪುಗಟ್ಟುತ್ತಾ ಒಳಗೆ ಸಾಗುತ್ತದೆ, ನೀರಿನಲ್ಲಿ ಕರಗಿರುವ ಗಾಳಿ ಮತ್ತು ಲವಣಗಳು ಮುಂದೆ ಮುಂದೆ ತಳ್ಳಲ್ಪಟ್ಟು ಕೊನೆಗೆ ನಟ್ಟನಡುವೆ ಸಿಕ್ಕಿಬೀಳುತ್ತವೆ, ಅಲ್ಲಿ ಬಿಳಿ ಮೋಡದಂತೆ ಕಾಣುತ್ತವೆ. ತಿಳಿ ಐಸ್ ಬೇಕಾದವರು ಸುತ್ತಲೂ ಶಾಖ ತಡೆಯುವ ಹೊದಿಕೆ ಕೊಟ್ಟು, ಒಂದೇ ದಿಕ್ಕಿನಿಂದ ಹೆಪ್ಪುಗಟ್ಟುವಂತೆ ಮಾಡಿ, ಕಲ್ಮಶ ಸೇರುವ ಕೊನೆಯ ಭಾಗವನ್ನು ಬೇರ್ಪಡಿಸಿ ತೆಗೆಯುತ್ತಾರೆ. ತಮ್ಮ ಅಚ್ಚಿನಲ್ಲಿ ಅಂತಹ ಯಾವ ಏರ್ಪಾಡೂ ಇಲ್ಲ. ನೀರನ್ನು ಎರಡು ಬಾರಿ ಕುದಿಸಿ ಹಾಕಿರಿ ಎಂದು ಸೂಚನಾ ಪತ್ರದಲ್ಲಿದೆ. ಹಾಗೆಯೂ ಮಾಡಿ ನೋಡಿದೆ, ನಡುವಿನ ಬಿಳುಪು ಹೋಗಲಿಲ್ಲ. ಕುದಿಸಿದಾಗ ಹೊರಟುಹೋದ ಗಾಳಿ ನೀರು ತಣಿಯುವಾಗ ಮತ್ತೆ ಸೇರಿಕೊಳ್ಳುತ್ತದೆ, ಲವಣಗಳಲ್ಲಿ ಬಹುಪಾಲು ಕುದಿಸಿದರೂ ನೀರಿನಲ್ಲೇ ಉಳಿಯುತ್ತದೆ. ಬಿಳುಪಿನಿಂದ ಪಾನೀಯಕ್ಕೆ ಕೇಡೇನೂ ಇಲ್ಲ, ಅದರ ಬಗ್ಗೆ ನನಗೆ ತಕರಾರೂ ಇಲ್ಲ. ತಕರಾರು ಇರುವುದು ಬೇರೆ ವಿಧಾನದಲ್ಲಿ ಮಾಡಿದ ಉಂಡೆಯ ಚಿತ್ರ ತೋರಿಸಿ ಈ ಅಚ್ಚನ್ನು ಮಾರುವುದರ ಬಗ್ಗೆ.

ಪಾನೀಯ ತೆಳುವಾಗದೆ ತಂಪಾಗುತ್ತದೆ ಎಂಬ ಇನ್ನೊಂದು ಹೇಳಿಕೆಯೂ ಹೀಗೆಯೇ. ಒಂದೇ ಗಾತ್ರದ ಘನಾಕೃತಿಯ ತುಂಡಿಗೆ ಗೋಳಕ್ಕಿಂತ ಶೇಕಡ 24ರಷ್ಟು ಹೆಚ್ಚು ಮೇಲ್ಮೈ ಇರುತ್ತದೆ, ಹಾಗಾಗಿ ದುಂಡು ಐಸ್ ನಿಧಾನವಾಗಿ ಕರಗುತ್ತದೆ ಎಂಬುದು ನಿಜ. ನಾನು ಈ ಅಚ್ಚನ್ನು ಕೊಂಡದ್ದೂ ಅದಕ್ಕೇ. ಆದರೆ ಕರಗದೆ ತಂಪು ಮಾಡುವ ಐಸ್ ಇಲ್ಲ. ಮೈನಸ್ 18 ಡಿಗ್ರಿಯಲ್ಲಿರುವ 1 ಗ್ರಾಂ ಐಸ್ ಸೊನ್ನೆ ಡಿಗ್ರಿಗೆ ಬರುವಾಗ ಹೀರಿಕೊಳ್ಳುವುದು ಸುಮಾರು 9 ಕ್ಯಾಲೊರಿ ಶಾಖ, ಕರಗುವಾಗ ಹೀರಿಕೊಳ್ಳುವುದು ಸುಮಾರು 80 ಕ್ಯಾಲೊರಿ. ತಂಪಿನ ಬಹುಪಾಲು ಕರಗುವುದರಿಂದಲೇ ಬರುತ್ತದೆ. ಪಾನೀಯ ನಿಧಾನವಾಗಿ ತೆಳುವಾಗುತ್ತದೆ, ತಂಪಾಗುವುದೂ ನಿಧಾನ ಎಂದು ನೇರವಾಗಿ ಬರೆದರೆ ಕೊಳ್ಳುವವರು ಬೇಡವೆನ್ನುವುದಿಲ್ಲ.

ಮೇಲಿನವು ಸರಿಪಡಿಸಬಹುದಾದ ದೋಷಗಳು. ನನ್ನನ್ನು ಹೆಚ್ಚು ಚಿಂತೆಗೀಡುಮಾಡಿರುವುದು ವಾಸನೆ. ಅಚ್ಚು ಹೊಸದಾಗಿದ್ದಾಗಲೇ ರಬ್ಬರಿನಂತಹ ಒಂದು ಗಡಸು ವಾಸನೆ ಇತ್ತು, ತೊಳೆದ ಮೇಲೂ ಅದು ಉಳಿದು ಐಸಿಗೆ ಇಳಿಯಿತು. ಉಂಡೆ ಕರಗುತ್ತಾ ಹೋದಂತೆ ಲೋಟದ ಕೊನೆಯ ಗುಟುಕಿನಲ್ಲಿ ಅದು ಚೆನ್ನಾಗಿಯೇ ಗೊತ್ತಾಗುತ್ತದೆ. ಇದನ್ನು ತಿಳಿಸಿದಾಗ ಸುವಾಸನೆಯ ಪಾತ್ರೆ ಸೋಪಿನಿಂದ ತೊಳೆಯಿರಿ ಎಂದು ದೂರವಾಣಿಯಲ್ಲಿ ತಮ್ಮ ಸಿಬ್ಬಂದಿ ಸಲಹೆ ಕೊಟ್ಟರು. ಎಣ್ಣೆಯ ಅಂಶವಿರುವ ಪರಿಮಳ ವಸ್ತುಗಳನ್ನು ತನ್ನೊಳಗೆ ಹೀರಿಕೊಳ್ಳುವ ಗುಣ ಸಿಲಿಕೋನಿಗಿದೆ. ಆ ಸಲಹೆಯ ಫಲವಾಗಿ ಹಳೆಯ ವಾಸನೆಯ ಜೊತೆಗೆ ಈಗ ಸೋಪಿನ ವಾಸನೆಯೂ ಸೇರಿಕೊಂಡಿದೆ.

ಸಿಲಿಕೋನನ್ನು ಗಟ್ಟಿಗೊಳಿಸುವ ಕ್ಯೂರಿಂಗ್ ಎಂಬ ಹಂತದಲ್ಲಿ ಮುಖ್ಯವಾಗಿ ಎರಡು ವಿಧಾನಗಳಿವೆ. ಒಂದರಲ್ಲಿ ಪ್ಲಾಟಿನಂ ಕ್ರಿಯಾವರ್ಧಕವನ್ನು, ಇನ್ನೊಂದರಲ್ಲಿ ಪೆರಾಕ್ಸೈಡನ್ನು ಬಳಸುತ್ತಾರೆ. ಪೆರಾಕ್ಸೈಡ್ ಬಳಸಿದಾಗ ಅದು ಒಡೆದು ಉಳಿಯುವ ವಸ್ತುಗಳು ಸಿಲಿಕೋನಿನೊಳಗೆ ನಿಲ್ಲುತ್ತವೆ, ಅವನ್ನು ಹೊರಹಾಕಲು ತಯಾರಾದ ಸಾಮಗ್ರಿಯನ್ನು ಮತ್ತೆ ಹೆಚ್ಚಿನ ಶಾಖದಲ್ಲಿ ಕೆಲವು ಗಂಟೆ ಇಡಬೇಕಾಗುತ್ತದೆ. ತಮ್ಮ ಅಚ್ಚನ್ನು ಯಾವ ವಿಧಾನದಲ್ಲಿ ಮಾಡಲಾಗಿದೆ, ಆ ಶಾಖದ ಹಂತವನ್ನು ಪೂರೈಸಲಾಗಿದೆಯೇ ಎಂಬುದು ಪೆಟ್ಟಿಗೆಯ ಮೇಲಾಗಲಿ ಸೂಚನಾ ಪತ್ರದಲ್ಲಾಗಲಿ ಇಲ್ಲ. ಆಹಾರಕ್ಕೆ ಯೋಗ್ಯ ಎಂಬ ಎರಡು ಪದಗಳಿವೆ, ಅದಕ್ಕೆ ಆಧಾರವಾದ ಪರೀಕ್ಷೆ ಯಾವುದು, ಯಾವ ಮಾನದಂಡ ಎಂಬ ವಿವರವಿಲ್ಲ. ಅಚ್ಚನ್ನು ತಿರುಚಿದಾಗ ಬೆಳ್ಳಗಾದರೆ ಕಲಬೆರಕೆ ಎಂದು ಜನ ಹೇಳುತ್ತಾರೆ, ನನ್ನ ಅಚ್ಚು ಬೆಳ್ಳಗಾಗುತ್ತದೆ ಕೂಡ. ಆದರೆ ಆ ಪರೀಕ್ಷೆ ನಿರ್ಣಾಯಕವಲ್ಲವಾದ್ದರಿಂದ ಅದನ್ನು ಸಾಕ್ಷಿಯಾಗಿ ಮುಂದಿಡುತ್ತಿಲ್ಲ. ತಮ್ಮಲ್ಲಿರುವ ಪರೀಕ್ಷಾ ವರದಿಯನ್ನು ತೋರಿಸಿದರೆ ಸಾಕು.

ಉಂಡೆ ಬಿಡಿಸುವಾಗ ಮೇಲಿನ ತಟ್ಟೆಯ ಒಂದು ಮೂಲೆ ಹರಿದಿದೆ ಎಂಬುದನ್ನೂ ಇಲ್ಲಿ ದಾಖಲಿಸುತ್ತೇನೆ. ತೋಡಿನಲ್ಲಿ ಐಸ್ ಕಟ್ಟಿಕೊಂಡಿರದಿದ್ದರೆ ಅಷ್ಟು ಬಲ ಹಾಕಿ ಎಳೆಯುವ ಅಗತ್ಯವೇ ಬರುತ್ತಿರಲಿಲ್ಲ.

ಆದ್ದರಿಂದ ನಾನು ತಮ್ಮಿಂದ ಕೋರುವುದಿಷ್ಟು. ಅಚ್ಚನ್ನು ಹಿಂಪಡೆದು ನಾನು ಕೊಟ್ಟ ಪೂರ್ತಿ ಹಣವನ್ನು, ಕಳುಹಿಸುವ ವೆಚ್ಚವೂ ಸೇರಿದಂತೆ, ಮರಳಿಸಬೇಕು. ಅದೇ ಅಚ್ಚಿನ ಬದಲಿ ಪ್ರತಿ ನನಗೆ ಬೇಡ, ಗೆರೆ ಅದರಲ್ಲೂ ಅಲ್ಲೇ ಇರುತ್ತದೆ. ತಪ್ಪು ಬಳಕೆ ಎಂದು ನನ್ನ ಹಿಂದಿನ ದೂರಿನ ಮೇಲೆ ಬರೆದ ಷರಾವನ್ನು ಹಿಂತೆಗೆದುಕೊಂಡಿರುವುದಾಗಿ ಲಿಖಿತವಾಗಿ ತಿಳಿಸಬೇಕು. ಸಿಲಿಕೋನಿನ ಕ್ಯೂರಿಂಗ್ ವಿಧಾನ ಮತ್ತು ಪರೀಕ್ಷಾ ವರದಿಯ ಪ್ರತಿಯನ್ನು ಕಳುಹಿಸಬೇಕು. ಈಗಾಗಲೇ ಮಾರಾಟವಾಗಿರುವ ಅಚ್ಚುಗಳ ಗ್ರಾಹಕರಿಗೆ ಎಲ್ಲಿಯವರೆಗೆ ನೀರು ತುಂಬಬೇಕೆಂಬ ಸರಿಯಾದ ಸೂಚನೆಯನ್ನು ತಲುಪಿಸುವುದು ತಮಗೆ ಕಷ್ಟದ ಕೆಲಸವೇನಲ್ಲ. ಅದನ್ನು ಮಾಡುವಿರೋ ಇಲ್ಲವೋ ಎಂಬುದನ್ನೂ ಉತ್ತರದಲ್ಲಿ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ.

ಖರೀದಿ ರಸೀದಿಯ ಪ್ರತಿ, ಎರಡು ಬಗೆಯಲ್ಲಿ ತುಂಬಿದ ಉಂಡೆಗಳನ್ನು ಅಕ್ಕಪಕ್ಕ ಇಟ್ಟು ತೆಗೆದ ಚಿತ್ರಗಳು, ಕುತ್ತಿಗೆಯ ಗೆರೆ ಮತ್ತು ಒಳ ವ್ಯಾಸದ ಅಳತೆ ತೋರಿಸುವ ಚಿತ್ರಗಳು, ಹರಿದ ಮೂಲೆಯ ಚಿತ್ರ ಹಾಗೂ ತಮ್ಮ ಹಿಂದಿನ ಉತ್ತರದ ಪ್ರತಿಯನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ಈ ಪತ್ರ ತಲುಪಿದ 15 ದಿನಗಳೊಳಗೆ ಉತ್ತರ ಬಾರದಿದ್ದರೆ, ಅಥವಾ ಹಿಂದಿನ ಎರಡು ಸಾಲುಗಳೇ ಮತ್ತೆ ಬಂದರೆ, ಇವೇ ದಾಖಲೆಗಳೊಂದಿಗೆ ಗ್ರಾಹಕರ ದೂರುಗಳನ್ನು ವಿಚಾರಿಸುವ ಪ್ರಾಧಿಕಾರದ ಮುಂದೆ ಹೋಗುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
(ಸಹಿ)