ಅಪ್ಪಾಜಿಗೊಂದು ಕಾಗದ: ರೈವಲ್ ಅಂದ್ರೆ ಪಕ್ಕದ ಗದ್ದೆಯವನು

ಅಪ್ಪಾಜಿ, ನಮಸ್ಕಾರ. ನಾನು ಚೆನ್ನಾಗಿದೀನಿ, ಎಡಿನ್‌ಬರೋಲಿ ಈ ಹಾಳು ಗಾಳಿ ಬಿಟ್ರೆ ಬೇರೆ ತೊಂದ್ರೆ ಏನಿಲ್ಲ. ಫೋನಲ್ಲೇ ಹೇಳಬಹುದಿತ್ತು, ಆದ್ರೆ ನೀವು ಅರ್ಧಕ್ಕೇ "ತ್ರೀ ಫೇಸ್ ಬಂತು, ಮೋಟ್ರು ಹಾಕ್ಬೇಕು" ಅಂತ ಇಟ್ಬಿಡ್ತೀರ, ಅದಕ್ಕೇ ಬರೀತಿದೀನಿ.

ಇಲ್ಲಿ ಲಾ ಓದೋರಿಗೆ ರೋಮನ್ ಕಾನೂನೂ ಇದೆ. ಕ್ರಿ.ಶ. 533ರಲ್ಲಿ ಜಸ್ಟಿನಿಯನ್ ಚಕ್ರವರ್ತಿ ಹಳೇ ನ್ಯಾಯಶಾಸ್ತ್ರಿಗಳು ಬರೆದಿದ್ದನ್ನೆಲ್ಲ ಆರಿಸಿ ಒಟ್ಟುಮಾಡ್ಸಿ ಡೈಜೆಸ್ಟ್ ಅಂತ ಹೊರಡಿಸ್ದ, ಅದ್ರಲ್ಲಿ ನೀರಿನ ಜಗಳದ್ದೇ ಒಂದು ಭಾಗ ಇದೆ. ಆ ನ್ಯಾಯಶಾಸ್ತ್ರಿಗಳಲ್ಲಿ ಒಬ್ಬ, ಉಲ್ಪಿಯನ್ ಅನ್ನೋನು ಹೇಳ್ತಾನೆ, ರಿವಾಲೆಸ್ ಅಂದ್ರೆ ಒಂದೇ ಕಾಲುವೆಯಿಂದ ನೀರು ಹಾಯಿಸ್ಕೊಳೋರು, ಅವರ ಮಧ್ಯೆ ತಕರಾರು ಬಂದು ಇಬ್ರೂ ನೀರಿನ ಹಕ್ಕು ನಂದು ನಂದು ಅಂದ್ರೆ ಇಬ್ರಿಗೂ ಅಧಿಕಾರಿ ಹತ್ರ ತಡೆಯಾಜ್ಞೆ ಕೇಳೋ ಅವಕಾಶ ಉಂಟು ಅಂತ. ಲ್ಯಾಟಿನ್‌ನಲ್ಲಿ ರಿವುಸ್ ಅಂದ್ರೆ ತೊರೆ, ಕಾಲುವೆ. ಇಂಗ್ಲಿಷಲ್ಲಿ ಎದುರಾಳಿಗೆ ರೈವಲ್ ಅಂತಾರಲ್ಲ, ಆ ಪದ ಹುಟ್ಟಿದ್ದೇ ಅಲ್ಲಿಂದ! ನಂಗೆ ಓದ್ತಾ ಓದ್ತಾ ನಗು, ಯಾಕಂದ್ರೆ ಕಣ್ಮುಂದೆ ಬಂದಿದ್ದು ನಮ್ಮ ತೂಬು, ನೀವು ಮಣ್ಣೆಳೆದು ಮುಚ್ಚೋದು, ದೊಡ್ಡಪ್ಪ ಬಂದು ಕಾಲಲ್ಲಿ ಒದ್ದು ಬಿಚ್ಚೋದು, ನೀರುಗಂಟಿ ಬದು ಮೇಲೆ ಬೀಡಿ ಹಚ್ಕೊಂಡು ಕೂತಿರೋದು.

ಆ ಪದದಲ್ಲಿ ಮೊದ್ಲು ದ್ವೇಷ ಏನೂ ಇರ್ಲಿಲ್ಲ ನೋಡಿ, ನೀರಿನ ಪಾಲುದಾರ ಅಂತ ಅಷ್ಟೇ. ಆಮೇಲೆ ರೋಮನ್ನರೇ ಒಂದು ಹುಡುಗಿ ಹಿಂದೆ ಬಿದ್ದ ಇಬ್ರು ಗಂಡಸ್ರಿಗೂ ಇದೇ ಹೆಸರು ಇಟ್ರು. ಶೇಕ್ಸ್‌ಪಿಯರ್ ಅಂತೂ ಹ್ಯಾಮ್ಲೆಟ್ ನಾಟಕ ಶುರುವಾಗ್ತಿದ್ದಂಗೆ ಒಬ್ಬ ಕಾವಲುಗಾರನ ಬಾಯಲ್ಲಿ ತನ್ನ ಜೊತೆ ಕಾವಲು ಇರೋರನ್ನೇ ರೈವಲ್ಸ್ ಅಂತ ಕರೆಸ್ತಾನೆ, ಅಲ್ಲಿ ಅದು ಜೊತೆಗಾರರು ಅಂತಲೇ ಅರ್ಥ.

ಹಂಗಂತ ರಿವರ್‌ಗೂ ರೈವಲ್‌ಗೂ ಸಂಬಂಧ ಅನ್ಕೋಬೇಡಿ, ನೋಡೋಕೆ ಅಣ್ಣತಮ್ಮಂದಿರ ಥರ ಇದ್ರೂ ರಿವರ್ ಬಂದಿದ್ದು ರೀಪಾ, ಅಂದ್ರೆ ನದಿ ದಡ ಅನ್ನೋ ಪದದಿಂದ. ಕಾವೇರಿ ಕೇಸಲ್ಲಿ ಟೀವಿಯವರು ರೈಪೇರಿಯನ್ ಸ್ಟೇಟ್, ಅಂದ್ರೆ ನದಿ ದಡದ ರಾಜ್ಯ ಅಂತಾರಲ್ಲ, ಅದೂ ಈ ರೀಪಾದ್ದೇ. ನನ್ನ ಕೇಳಿದ್ರೆ ನಾವೂ ತಮಿಳುನಾಡಿನವರೂ ಪದದ ಅಸಲಿ ಅರ್ಥದಲ್ಲೇ ರೈವಲ್ಸು, 1924ರಲ್ಲಿ ಮೈಸೂರು ಮದ್ರಾಸು ಒಪ್ಪಂದ ಮಾಡ್ಕೊಂಡ್ರೂ ಮುಗೀಲಿಲ್ಲ, 2018ರಲ್ಲಿ ಸುಪ್ರೀಂ ಕೋರ್ಟು ತಮಿಳುನಾಡು ಗಡಿಯ ಬಿಳಿಗುಂಡ್ಲುವಿಗೆ ವರ್ಷಕ್ಕೆ 177.25 ಟಿಎಂಸಿ ಬಿಡಿ ಅಂದ್ಮೇಲೂ ಮಳೆ ಕೈಕೊಟ್ಟ ವರ್ಷ ಮಂಡ್ಯದಲ್ಲಿ ಹೆದ್ದಾರಿ ತಡೆ ತಪ್ಪಲ್ಲ.

ಪುಟ್ಟು ಕಾಂಪಿಟಿಟಿವ್ ಎಕ್ಸಾಮ್ ಅಂತ ಮುಖ ಊದಿಸ್ಕೊಂಡಿದಾನೆ ಅಂತ ಅವ್ವ ಹೇಳ್ತು. ಅವನಿಗೂ ಇದನ್ನ ಓದಿ ಹೇಳಿ. ಕಾಂಪೀಟ್‌ನ ಲ್ಯಾಟಿನ್ ಮೂಲ ಬಿಡಿಸಿದ್ರೆ ಜೊತೇಲಿ ಹುಡುಕೋದು, ಒಂದೇ ಕಡೆ ಕೂಡೋದು, ಕಾಂಪಿಟೆಂಟೂ ಅದೇ ಬೇರಿನದು. ವಿನ್ ಅನ್ನೋದು ಹಳೇ ಇಂಗ್ಲಿಷಲ್ಲಿ ಗೆಲ್ಲೋದೇ ಅಲ್ಲ, ದುಡಿಯೋದು, ಹೋರಾಡೋದು, ಗೆಲುವಿನ ಅರ್ಥ ಆಮೇಲೆ ಅಂಟ್ಕೊಂಡಿದ್ದು. ಆಗೊನಿ ಅಂತ ನರಳಾಟಕ್ಕೆ ಅಂತಾರಲ್ಲ, ಅದು ಗ್ರೀಕರ ಆಗೋನ್, ಅಂದ್ರೆ ಒಲಿಂಪಿಯಾದಲ್ಲಿ ನಡೀತಿದ್ದಂಥ ಪಂದ್ಯ. ಇದನ್ನ ಮಾತ್ರ ಪುಟ್ಟು ತಕ್ಷಣ ಒಪ್ತಾನೆ ಬಿಡಿ.

ಅವನ ಕೋಚಿಂಗ್ ಫೀಸು ಈ ಸಲ ನಾನೇ ಹಾಕ್ತೀನಿ, ಪಾರ್ಟ್‌ಟೈಮ್ ಸಂಬಳ ತಿಂಗಳ ಕೊನೇಲಿ ಬರುತ್ತೆ, ಅಲ್ಲಿಗಂಟ ಸೊಸೈಟೀಲಿ ಸಾಲ ಎತ್ತೋಕೆ ಹೋಗ್ಬೇಡಿ. ನಾಲೆಗೆ ನೀರು ಬಿಡೋ ಡೇಟು ಗೊತ್ತಾದ್ರೆ ಒಂದು ಮೆಸೇಜ್ ಹಾಕ್ಸಿ.

ನಿಮ್ಮ ಮಗಳು