ಕೈಜಾರುವುದು ಆಕಸ್ಮಿಕವಲ್ಲವೇ?

ಮಾನ್ಯ ಸಂಪಾದಕರೇ,

ಕಳೆದ ದೀಪಾವಳಿಗೆ ಮುನ್ನ ಮನೆಗೆ ಸುಣ್ಣಬಣ್ಣ ಮಾಡಿಸುವಾಗ, ಗೋಡೆಯಿಂದ ಇಳಿಸುತ್ತಿದ್ದ 43 ಇಂಚಿನ ಟಿ.ವಿ. ನನ್ನ ಕೈಜಾರಿ ಬಿತ್ತು. ಪರದೆ ಜೇಡರ ಬಲೆಯಂತೆ ಬಿರುಕು ಬಿಟ್ಟಿತು. ಮನೆಯಾಕೆ ಬಾಯಿ ತೆರೆಯುವ ಮೊದಲೇ "ವಿಮೆ ಇದೆಯಲ್ಲ" ಎಂದೆ. ಆ ಧೈರ್ಯಕ್ಕೆ ಕಾರಣವಿತ್ತು. ಅದೇ ಮಳೆಗಾಲದಲ್ಲಿ ನೀರಿನ ಪೈಪು ಒಡೆದು ಬಟ್ಟೆಯ ಕಪಾಟು ಉಬ್ಬಿಹೋದಾಗ, ಕಂಪನಿ ತಕರಾರಿಲ್ಲದೆ 18,500 ರೂಪಾಯಿ ಕೊಟ್ಟಿತ್ತು.

ಈ ಬಾರಿ ಕಂಪನಿಯವರು ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಟಿ.ವಿ. ಮೇಲೆ ಏನು ಬಿತ್ತು?" "ಏನೂ ಬೀಳಲಿಲ್ಲ, ಅದೇ ಬಿತ್ತು" ಎಂದೆ. ಕ್ಲೇಮು ಅಲ್ಲಿಗೇ ಮುಗಿಯಿತು.

ಸಿಟ್ಟಿನಲ್ಲಿ ಪಾಲಿಸಿ ಓದಲು ಕುಳಿತೆ. ನನ್ನದು 'ಭಾರತ್ ಗೃಹ ರಕ್ಷಾ'. 2021ರ ಏಪ್ರಿಲ್ 1ರಿಂದ, ಮನೆ ವಿಮೆ ಮಾರುವ ಸಾಮಾನ್ಯ ವಿಮಾ ಕಂಪನಿಗಳೆಲ್ಲ ಒಂದೇ ಷರತ್ತಿನಲ್ಲಿ ಕೊಡಬೇಕಾದ ಪಾಲಿಸಿ. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಆ ಮೊತ್ತದ ಶೇ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ಮನೆಯೊಳಗಿನ ಸಾಮಾನಿಗೂ ತಾನಾಗಿ ರಕ್ಷಣೆ. ಆದರೆ ಯಾವುದರಿಂದ? ಬೆಂಕಿ, ನೆರೆ, ಭೂಕಂಪ, ಗಲಭೆ, ಒಡೆದ ಪೈಪು, ಹೊರಗಿನ ವಸ್ತು ಬಂದು ಬಡಿಯುವುದು, ಹೀಗೆ ಹೆಸರಿಸಿದ ಕಾರಣಗಳಿಂದ ಮಾತ್ರ. ಬಡಿಯುವುದಕ್ಕೆ ವಾಹನ, ಮರ, ಗೋಡೆ ಎಂದು ಉದಾಹರಣೆಗಳೂ ಇವೆ. ಗೋಡೆ ಕುಸಿದು ಟಿ.ವಿ. ಮೇಲೆ ಬಿದ್ದಿದ್ದರೆ ಹಣ ಕೇಳಬಹುದಿತ್ತು, ಟಿ.ವಿ. ನೆಲಕ್ಕೆ ಬಿದ್ದರೆ ಇಲ್ಲ. ಸಿಡಿಲೂ ಪಟ್ಟಿಯಲ್ಲಿದೆ ಎಂದು ಸಮಾಧಾನಪಟ್ಟುಕೊಳ್ಳುವಷ್ಟರಲ್ಲಿ, ಸಿಡಿಲಿನಿಂದಲೇ ಆದರೂ ಶಾರ್ಟ್ ಸರ್ಕ್ಯೂಟ್ ಆಗಿ ಕೆಟ್ಟ ವಿದ್ಯುತ್ ಉಪಕರಣಕ್ಕೆ ಪರಿಹಾರವಿಲ್ಲ ಎಂಬ ಇನ್ನೊಂದು ಸಾಲು ಸಿಕ್ಕಿತು. ಮೊದಲ ಗುಡುಗಿಗೇ ಪ್ಲಗ್ ಕೀಳಲು ಓಡುವ ನಮ್ಮ ಮಲೆನಾಡಿನವರಿಗೆ ಇದು ಸಣ್ಣ ಸಂಗತಿಯಲ್ಲ.

ಕಂಪನಿ ಮೋಸ ಮಾಡಿತೆಂದು ನಾನು ಹೇಳುತ್ತಿಲ್ಲ. ಬೆಂಗಳೂರಿನ ವಿಮಾ ಲೋಕಪಾಲರಿಗೆ ಶುಲ್ಕವಿಲ್ಲದೆ ದೂರು ಕೊಡಬಹುದು; ಷರತ್ತೇ ಕಂಪನಿಯ ಪರವಾಗಿರುವಾಗ ಹೋಗಲಿಲ್ಲ. ಅಲ್ಲದೆ ನಾನೂ ಗ್ರಾಮೀಣ ಅಂಚೆ ಜೀವ ವಿಮೆಗಾಗಿ ಹಳ್ಳಿ ಹಳ್ಳಿ ಸುತ್ತಿ ಸಹಿ ಹಾಕಿಸಿಕೊಂಡವನು. ಎಷ್ಟು ಜನರಿಗೆ ಷರತ್ತು ಓದಿ ಹೇಳಿದ್ದೆ ಎಂದು ದಯವಿಟ್ಟು ಕೇಳಬೇಡಿ.

ನನ್ನ ತಕರಾರು ಒಂದು ಪದದ ಮೇಲೆ. ನನಗೆ ಕೊಟ್ಟ ಕರಪತ್ರದಲ್ಲಿ "ಆಕಸ್ಮಿಕ ಹಾನಿಗಳಿಂದ ರಕ್ಷಣೆ" ಎಂದು ದಪ್ಪಕ್ಷರದ ಕನ್ನಡದಲ್ಲಿ ಅಚ್ಚಾಗಿದೆ. ಕೈಜಾರುವುದಕ್ಕಿಂತ ದೊಡ್ಡ ಆಕಸ್ಮಿಕ ನಮ್ಮ ಮನೆಗಳಲ್ಲಿ ಯಾವುದಿದೆ? ಷರತ್ತಿನ ಪುಸ್ತಿಕೆ ಮಾತ್ರ ಇಂಗ್ಲಿಷಿನಲ್ಲಿ. ಆಸೆ ಹುಟ್ಟಿಸಲು ಕನ್ನಡ ಬಳಸುವವರು, ಯಾವ ಕಾರಣಕ್ಕೆ ಪರಿಹಾರ ಉಂಟು, ಯಾವುದಕ್ಕಿಲ್ಲ ಎಂಬ ಒಂದು ಹಾಳೆಯನ್ನೂ ಕನ್ನಡದಲ್ಲಿ ಕೊಡಲಿ, ಸಹಿಗೆ ಮುಂಚೆಯೇ.

ಕೈಜಾರಿ ಒಡೆದದ್ದಕ್ಕೂ ಪ್ರತ್ಯೇಕ ಪ್ರೀಮಿಯಂ ಕಟ್ಟಿಸಿಕೊಂಡು ರಕ್ಷಣೆ ಕೊಡುವ ಕಂಪನಿಗಳಿವೆ. ಅದಕ್ಕೆ ಎಷ್ಟಾಗುತ್ತದೆ ಎಂದು ನಮ್ಮ ಏಜೆಂಟರನ್ನು ಕೇಳಿದೆ. "ಇದುವರೆಗೆ ಯಾರೂ ಕೇಳಿರಲಿಲ್ಲ ಸಾರ್, ವಿಚಾರಿಸಿ ಹೇಳುತ್ತೇನೆ" ಎಂದರು. ತಿಂಗಳಾಯಿತು.

– ನಿವೃತ್ತ ಅಂಚೆ ನೌಕರ, ತೀರ್ಥಹಳ್ಳಿ